ಡ್ರೈವರ್ ಹಿಂದಿನ ಸೀಟಿಗೊಂದು ನಿಂಬೆಹಣ್ಣು

ಮಾರ್ಚ್ 14, ಶುಕ್ರವಾರ ಬೆಳಿಗ್ಗೆ

ನನ್ನ ಮುದ್ದಿನ ಹಾರನ್‌ಗೆ ಅಪ್ಪನ ಆಶೀರ್ವಾದ.

ಮೊದಲು ತಡವಾದದ್ದಕ್ಕೆ ಕ್ಷಮೆ ಕೇಳಿಬಿಡುತ್ತೇನೆ. ಮಂಗಳವಾರ ನಿನ್ನ ಬಸ್ಸು ಹತ್ತಿ ಬೆಟ್ಟದ ಮೇಲಿನ ನಿನ್ನೂರಿಗೆ ಬಂದವನು, ವಾಪಸು ಬಂದ ಕೂಡಲೇ ಈ ಕಾಗದ ಬರೆಯಬೇಕಿತ್ತು. ಆದರೆ ಬುಧವಾರ ಇಡೀ ದಿನ ಮಲಗಿದ್ದೆ. ಗುರುವಾರ ಎದ್ದು ಪೆನ್ನು ಹುಡುಕಿದೆ. ಪೆನ್ನು ಸಿಕ್ಕಿತು, ಮಾತು ಸಿಗಲಿಲ್ಲ. ಇವತ್ತು ಎರಡೂ ಸಿಕ್ಕಿವೆ, ಜೊತೆಗೆ ಹಸಿವೂ ಆಗಿದೆ. ಆದ್ದರಿಂದ ಅಪ್ಪ ಕ್ಷೇಮ ಎಂದು ತಿಳಿ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ನಿನಗೇ ಗೊತ್ತಲ್ಲಮ್ಮಾ, ನಾನು ಫೋನ್ ಹಿಡಿದರೆ ‘ಊಟ ಆಯ್ತಾ’ ಅನ್ನುವ ಸ್ಟಾಪ್ ದಾಟಿ ಮುಂದೆ ಹೋಗುವುದಿಲ್ಲ. ನೀನು ‘ಆಯ್ತು’ ಅನ್ನುತ್ತೀ, ಅಲ್ಲಿಗೆ ಬಸ್ಸು ಡಿಪೋ ಸೇರಿದ ಹಾಗೆ. ಕಾಗದವಾದರೆ ಮಧ್ಯದಲ್ಲಿ ಯಾರೂ ಇಳಿಯುವ ಹಾಗಿಲ್ಲ. ನೀನು ಕೊನೆಯ ಸ್ಟಾಪ್‌ವರೆಗೆ ಬರಲೇಬೇಕು.

ಹಾರನ್ ಅಂತ ಕರೆಯಬೇಡ, ನಾನೀಗ ಡ್ಯೂಟಿ ಮೇಲಿರುವ ಡ್ರೈವರ್ ಅಂತ ಹೋದ ಸಲವೇ ಹೇಳಿದ್ದೀ. ಏನು ಮಾಡಲಿ. ಹುಟ್ಟಿದ ದಿನ ಆಸ್ಪತ್ರೆಯ ಎಲ್ಲ ಮಹಡಿಗೂ ಕೇಳುವ ಹಾಗೆ ಅತ್ತವಳು ನೀನು. ನರ್ಸ್ ಹೊರಗೆ ಬಂದು, ‘ಬಸ್ ಡ್ರೈವರ್ ಯಾರ್ರೀ ಇಲ್ಲಿ? ನಿಮ್ಮ ಗಾಡಿ ಬಂದಿದೆ, ಹಾರನ್ ಸರಿಯಾಗೇ ಇದೆ’ ಅಂದಳು. ಆ ಹೆಸರು ನಾನಿಟ್ಟದ್ದಲ್ಲ, ಸರ್ಕಾರಿ ನರ್ಸ್ ಇಟ್ಟದ್ದು. ಅಫಿಶಿಯಲ್.

ಈಗ ವಿಷಯಕ್ಕೆ ಬರುತ್ತೇನೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು, ‘ಕಮ್ ಟು ದಿ ಪಾಯಿಂಟ್, ಯು ರೌಂಡಬೌಟ್’ ಎಂದು ಬೈಯುತ್ತಿದ್ದರು. ಆ ಕಾಲೇಜು ನನ್ನನ್ನು ಒಂದೂವರೆ ವರ್ಷ ಸಹಿಸಿಕೊಂಡಿತು, ಆಮೇಲೆ ಸ್ಟೇರಿಂಗ್ ಸಹಿಸಿಕೊಂಡಿತು.

ಮಂಗಳವಾರ ನಿಮ್ಮ ಡಿಪೋ ಕ್ಯಾಂಟೀನಿನಲ್ಲಿ, ಟೀ ಲೋಟದ ಮೇಲಿನ ಕೆನೆಯನ್ನು ಚಮಚದಲ್ಲಿ ಪಕ್ಕಕ್ಕೆ ತಳ್ಳುತ್ತಾ, ನನ್ನ ಮುಖ ನೋಡದೆ ನೀನು ಅಂದದ್ದು ಹೀಗೆ: ‘ಅಷ್ಟು ಹೆದ್ರಿಕೆ ಇದ್ರೆ ಯಾಕಪ್ಪ ಬಂದೆ? ಕನ್ನಡೀಲಿ ಎಲ್ಲ ನೋಡ್ದೆ. ಪಕ್ಕದೋರು ನಿನ್ನ ಕೈ ಹಿಡ್ಕೊಂಡು ಸಮಾಧಾನ ಮಾಡ್ತಿದ್ರು. ನೀನು ಬಾಯಲ್ಲೇ ದೇವ್ರನ್ನ ಕರೀತಿದ್ದೆ. ಆಮೇಲೆ ನೋಡೋಕೇ ಆಗ್ದೆ ಕಣ್ಣು ಮುಚ್ಕೊಂಡೆ. ಹೆತ್ತಪ್ಪಂಗೇ ಈ ಗತಿ ಆದ್ರೆ ಟಿಕೆಟ್ ತಗೊಂಡೋರ ಕಥೆ ಏನು? ಸೋಮವಾರ ಮ್ಯಾನೇಜರ್ ಕೇಳ್ತಾರೆ, ಬೆಟ್ಟದ ರೂಟ್ ಕಾಯಂ ಮಾಡ್ಲಾ ಅಂತ. ಬೇಡ, ಊರೊಳಗಿನ ರೂಟೇ ಕೊಡಿ ಅಂದ್ಬಿಡ್ತೀನಿ.’

ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಮುಂದಿನ ಟ್ರಿಪ್‌ಗೆ ಸೀಟಿ ಊದಿದರು. ನೀನು ಟೀ ಬಿಟ್ಟು ಎದ್ದು ಹೋದೆ. ಆ ಟೀಯನ್ನೂ ನಾನೇ ಕುಡಿದೆ, ಚೆನ್ನಾಗಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನೀನು ನೋಡಿದ್ದು ನಿಜವಾಗಿ ಕನ್ನಡಿಯಲ್ಲೇ, ನೋಡಿದ್ದೆಲ್ಲ ನಿಜವೇ. ಆದರೆ ಒಂದಕ್ಕೂ ನೀನು ತಿಳಿದುಕೊಂಡ ಅರ್ಥವಿಲ್ಲ. ಡ್ರೈವರ್‌ಗೆ ಮುಂದಿನದೆಲ್ಲ ಕಾಣುತ್ತದೆ, ಬೆನ್ನ ಹಿಂದಿನದು ಅಂಗೈ ಅಗಲದ ಗಾಜಿನಲ್ಲಿ ಎಷ್ಟು ಕಾಣುತ್ತದೋ ಅಷ್ಟೇ. ಆ ಗಾಜಿನಲ್ಲಿ ಮಾತು ಕೇಳಿಸುವುದಿಲ್ಲ. ಅದಕ್ಕೇ ನಿನ್ನ ಬೆನ್ನ ಹಿಂದೆ ಏನೇನಾಯಿತು ಎಂದು ಸೋಮವಾರದೊಳಗೆ ನಿನಗೆ ತಿಳಿಸಬೇಕಾಗಿದೆ. ಈ ಕಾಗದವನ್ನು ಇವತ್ತು ಮಧ್ಯಾಹ್ನ ನಿನ್ನ ಕಂಡಕ್ಟರ್ ಕೈಗೇ ಕೊಡುತ್ತೇನೆ. ಅವನು ಅದಕ್ಕೂ ಟಿಕೆಟ್ ಹರಿಯದಿದ್ದರೆ ಸಾಕು.

ಮೊದಲು ಒಂದು ಸತ್ಯ. ನಿನ್ನ ಅಪ್ಪನಿಗೆ ಬಸ್ಸು ಆಗುವುದಿಲ್ಲ. ನಗು, ನಗು. ನಿವೃತ್ತಿಯ ದಿನದವರೆಗೆ ಬಸ್ಸಿನಲ್ಲೇ ಬಾಳಿದವನಿಗೆ ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತದೆ. ಈಜು ಕಲಿಸುವ ಮೇಷ್ಟ್ರಿಗೆ ಸ್ನಾನ ಮಾಡಿದರೆ ನೆಗಡಿ ಬಂದ ಹಾಗೆ. ಸ್ಟೇರಿಂಗ್ ಕೈಯಲ್ಲಿದ್ದಾಗ ಒಂದು ದಿನವೂ ಒಂದು ತೇಗು ಕೂಡ ಬಂದದ್ದಿಲ್ಲ. ಹಿಂದೆ ಕೂತರೆ ಮಾತ್ರ ಎರಡನೇ ತಿರುವಿಗೇ ಬಾಯಲ್ಲಿ ನೀರೂರಿ, ಕಿವಿಯ ಹಿಂದೆ ತಣ್ಣನೆ ಬೆವರು ಬರುತ್ತದೆ. ಯಾವಾಗಿನಿಂದ ಎಂದು ಈಗ ಕೇಳಬೇಡ.

‘ಅಪ್ಪ, ಒಂದ್ಸಲ ನನ್ನ ಬಸ್ಸಲ್ಲಿ ಕೂತ್ಕೋ ಬಾ’ ಎಂದು ನೀನು ಕರೆದಾಗ ಮೊದಲ ಸಲ ಮಂಡಿ ನೋವು ಅಂದೆ, ಎರಡನೇ ಸಲ ಅಡುಗೆಮನೆ ಪೈಪ್ ಒಡೆದಿದೆ ಅಂದೆ. ಮಂಡಿಯೂ ಗಟ್ಟಿಯಾಗಿತ್ತು, ಪೈಪೂ ಗಟ್ಟಿಯಾಗಿತ್ತು. ಹಳೇ ಡ್ರೈವರ್ ಮಗಳ ಬಸ್ಸಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕೂರುವುದು ಹೇಗೆ ಹೇಳು. ಮಗಳ ಡ್ರೈವಿಂಗ್ ಮೇಲೆ ಅಪ್ಪನಿಗೆ ನಂಬಿಕೆ ಇಲ್ಲ ಎಂದು ನೀನು ಅಂದುಕೊಳ್ಳಬಹುದು ಅನ್ನುವುದು ಈ ಮಂದಬುದ್ಧಿಗೆ ಹೊಳೆಯಲೇ ಇಲ್ಲ. ನಿನ್ನ ಧ್ವನಿ ಎರಡನೇ ಸಲ ಸಣ್ಣದಾದಾಗ ಹೊಳೆಯಿತು. ಹಾರನ್ ಸಣ್ಣಗೆ ಆದರೆ ಬ್ಯಾಟರಿ ಇಳಿದಿದೆ ಎಂದರ್ಥ. ಅವತ್ತೇ ತೀರ್ಮಾನ ಮಾಡಿದೆ, ಸತ್ತರೂ ಸರಿ ಹೋಗುವುದೇ ಎಂದು.

ಮೊದಲು ನಮ್ಮ ಬೀದಿಯ ಔಷಧಿ ಅಂಗಡಿಯವನ ಹತ್ತಿರ ಹೋದೆ. ಅವನು ಒಂದು ಪಟ್ಟಿ ಮಾತ್ರೆ ಕೊಟ್ಟು, ‘ಬಸ್ಸು ಹೊರಡೋ ಅರ್ಧ ಗಂಟೆ ಮುಂಚೆ ಒಂದು ನುಂಗಿ. ಹಾಯಾಗಿ ನಿದ್ದೆ ಬರುತ್ತೆ, ಊರು ಬಂದಾಗ ಏಳ್ತೀರಿ’ ಅಂದ. ನಾನು ಹಾಯಾಗಿ ನಿದ್ದೆ ಮಾಡುವುದಕ್ಕೆ ಬರಬೇಕಾ? ನಿನ್ನ ಕೈ ಗೇರಿನ ಮೇಲೆ ಹೇಗೆ ಕೂರುತ್ತದೆ, ತಿರುವಿನಲ್ಲಿ ಭುಜ ಎಷ್ಟು ವಾಲುತ್ತದೆ, ಅದನ್ನೆಲ್ಲ ನೋಡಬೇಕಲ್ಲ. ಆ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ, ಮುಟ್ಟಲಿಲ್ಲ. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಹಾಗಾದರೆ ಉಳಿದದ್ದು ಮನೆಮದ್ದು. ಇಸ್ತ್ರಿ ಅಂಗಡಿಯವನು ಗೊತ್ತಲ್ಲ, ಮೂಲೆಮನೆಯ ಕೆಳಗೆ, ಯಾವಾಗಲೂ ಅರ್ಧ ಶರ್ಟು ಇಸ್ತ್ರಿ ಮಾಡಿ ಅರ್ಧ ಮಾತಾಡುವವನು. ಅವನಿಗೆ ಹೇಳಿದ್ದೇ ತಪ್ಪಾಯಿತು. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತು.

‘ನೋಡಿ ಯಜಮಾನ್ರೇ’ ಅಂದ ಅವನು, ಕೆಂಡದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು. ‘ಖಾಲಿ ಹೊಟ್ಟೇಲಿ ಹೋಗ್ಬಾರ್ದು. ತುಂಬಿದ ಹೊಟ್ಟೇಲೂ ಹೋಗ್ಬಾರ್ದು.’

‘ಮತ್ತೆ ಯಾವ ಹೊಟ್ಟೇಲಿ ಹೋಗ್ಲಯ್ಯ?’

‘ನಿಮ್ಮ ಹೊಟ್ಟೇಲೇ ಹೋಗಿ. ಅರ್ಧ ತುಂಬ್ಸಿ. ಎರಡು ರಸ್ಕ್, ಒಣಗಿದ್ದು. ಎಣ್ಣೆ ಬೇಡ, ಹಾಲು ಬೇಡ.’

ಇಸ್ತ್ರಿಗೆ ಬಟ್ಟೆ ತಂದಿದ್ದ ಹೆಂಗಸೊಬ್ಬರು, ‘ಹಸಿ ಶುಂಠಿ ಚೂರು ನಾಲಿಗೆ ಕೆಳಗಿಟ್ಕೊಳ್ಳಿ, ಅಗಿಯೋದಲ್ಲ, ಚೀಪೋದು’ ಅಂದರು. ಇನ್ನೊಬ್ಬರು, ‘ಪುದೀನ ಎಲೆ ಕರವಸ್ತ್ರದಲ್ಲಿ ಕಟ್ಕೊಂಡು ಮೂಸಿ’ ಅಂದರು. ಮೇಲಿನ ಮಹಡಿಯಿಂದ ಯಾರೋ ಬಗ್ಗಿ, ಶರ್ಟಿನೊಳಗೆ ಹೊಟ್ಟೆಗೆ ಪೇಪರ್ ಕಟ್ಟಿಕೊಂಡರೆ ವಾಂತಿ ಬರುವುದಿಲ್ಲ ಅಂದರು. ‘ಯಾವ ಪೇಪರ್?’ ಎಂದು ಕೇಳಿದೆ. ‘ಇವತ್ತಿಂದು ಬೇಡ, ಅದ್ರಲ್ಲಿರೋ ಸುದ್ದಿಗೇ ವಾಕರಿಕೆ ಬರುತ್ತೆ’ ಎಂದು ಇಸ್ತ್ರಿಯವನು ಉತ್ತರ ಕೊಟ್ಟ.

ನಾನು ಸೈನ್ಸ್ ವಿದ್ಯಾರ್ಥಿಯಾಗಿದ್ದವನು, ಒಂದೂವರೆ ವರ್ಷವಾದರೂ ಸೈನ್ಸೇ. ಎಕ್ಸ್‌ಪೆರಿಮೆಂಟ್ ಇಲ್ಲದೆ ನಂಬುವುದಿಲ್ಲ. ಊರೊಳಗಿನ ಸಿಟಿ ಬಸ್ಸಿನಲ್ಲಿ, ಎಲ್ಲಕ್ಕಿಂತ ಹಿಂದಿನ ಸೀಟಿನಲ್ಲಿ, ಕುದುರೆಯ ಮೇಲೆ ಕೂತ ಹಾಗೆ ಕುಲುಕುವ ಆ ಜಾಗದಲ್ಲಿ ಕೂತು ಒಂದೊಂದೇ ಪರೀಕ್ಷೆ ಮಾಡಿದೆ. ಶುಂಠಿ: ಆಬ್ಸರ್ವೇಶನ್, ಗುಡ್. ಪುದೀನ: ಫೇರ್. ಪೇಪರ್: ಬೆವರಿಗೆ ಒದ್ದೆಯಾಗಿ ಅಕ್ಷರವೆಲ್ಲ ಹೊಟ್ಟೆಗೆ ಅಂಟಿ, ಸ್ನಾನ ಮಾಡುವಾಗ ಹೊಕ್ಕುಳ ಪಕ್ಕ ಯಾವುದೋ ಮದುವೆ ಜಾಹೀರಾತು ಕಾಣಿಸಿತು. ವಾಂತಿ ಮಾತ್ರ ನಿಲ್ಲಲಿಲ್ಲ. ರಿಜೆಕ್ಟೆಡ್.

ಕೊನೆಗೆ ನಿಮ್ಮಮ್ಮನ ಮದ್ದೇ ನೆನಪಾಯಿತು. ನಿಂಬೆಹಣ್ಣು. ತಿನ್ನುವುದಲ್ಲ, ಹಿಂಡುವುದಲ್ಲ, ಉಗುರಿನಿಂದ ಸಿಪ್ಪೆಯನ್ನು ಒಂದು ಸಲ ಗೀರಿ ಮೂಗಿನ ಹತ್ತಿರ ಹಿಡಿಯುವುದು. ಅವಳ ಕೈಚೀಲದಲ್ಲಿ ಬೀಗದ ಕೈ ಮರೆತಿರಬಹುದು, ನಿಂಬೆಹಣ್ಣು ಮರೆತದ್ದಿಲ್ಲ. ಅವಳಿಗೆ ಯಾವ ಗಾಡಿಯೂ ಆಗುತ್ತಿರಲಿಲ್ಲ. ನನ್ನ ಬಸ್ಸು ಮಾತ್ರ ಆಗುತ್ತಿತ್ತು. ನನ್ನ ಹಿಂದಿನ ಸೀಟಿನಲ್ಲಿ ಕೂತು, ಎರಡನೇ ತಿರುವು ಬರುವ ಮುಂಚೆ ಕತ್ತು ವಾಲಿಸಿ ನಿದ್ದೆ ಹೋಗಿರುತ್ತಿದ್ದಳು. ‘ಏನಮ್ಮಾ, ಬೇರೆಯೋರ ಬಸ್ಸಲ್ಲಿ ವಾಂತಿ, ಗಂಡನ ಬಸ್ಸಲ್ಲಿ ಗೊರಕೆ’ ಎಂದು ಕಂಡಕ್ಟರ್ ರೇಗಿಸಿದರೆ, ‘ಮನೇಲಿ ಗೊರಕೆ ಹೊಡಿಯೋಕೆ ಇವರು ಬಿಡಲ್ಲ, ಇವರೇ ಹೊಡೀತಾರೆ’ ಅನ್ನುತ್ತಿದ್ದಳು. ನೀನು ಅವಳ ತೊಡೆಯ ಮೇಲೆ ನಿಂತು ನನ್ನ ಕಿವಿ ಹಿಡಿದು ಸ್ಟೇರಿಂಗ್ ತಿರುಗಿಸಿದ ಹಾಗೆ ತಿರುಗಿಸುತ್ತಿದ್ದೆ. ನಿನ್ನ ಲೈಸೆನ್ಸಿನ ಮೊದಲ ಪಾಠ ನನ್ನ ಕಿವಿಯ ಮೇಲೇ ಆದದ್ದು.

ಮಂಗಳವಾರ ಬೆಳಿಗ್ಗೆ ರಸ್ಕ್, ಶುಂಠಿ, ಪುದೀನ, ನಿಂಬೆಹಣ್ಣು ಎಲ್ಲವನ್ನೂ ಕಟ್ಟಿಕೊಂಡು, ಇಸ್ತ್ರಿಯವನು ಹಟ ಮಾಡಿ ಪುಕ್ಕಟೆಯಾಗಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ನನ್ನನ್ನು ಕಂಡಾಗ ನಿನ್ನ ಮುಖ ಹೇಗೆ ಅರಳಿತು ಎಂದು ನಿನಗೆ ಗೊತ್ತಿಲ್ಲ, ಕನ್ನಡಿ ಆಗ ಹಿಂದಕ್ಕಿತ್ತು. ‘ಏನಪ್ಪ, ಪೈಪ್ ರಿಪೇರಿ ಆಯ್ತಾ?’ ಅಂದೆ ನೀನು. ‘ಪೈಪ್ ಸರಿ ಹೋಯ್ತು, ಮಂಡಿಗೆ ಹೊಸ ವಾಷರ್ ಹಾಕ್ಸಿದೀನಿ’ ಅಂದೆ ನಾನು. ನೀನು ನಕ್ಕು ಸೀಟು ಮುಂದಕ್ಕೆಳೆದುಕೊಂಡೆ. ಆ ನಗು ಬೆಟ್ಟ ಹತ್ತಿದ ಮೇಲೆ ಇರಲಿಲ್ಲವಲ್ಲ, ಅದೇ ನನ್ನನ್ನು ಬುಧವಾರವೆಲ್ಲ ಕಾಡಿದ್ದು.

ನಿನ್ನ ಹಿಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ ಒಬ್ಬರು ಕೂತಿದ್ದರಲ್ಲ, ಅವರು ದರ್ಜಿ ಕೆಲಸದವರು. ಬೆಟ್ಟದ ಮೇಲಿನ ಅಂಗಡಿಯೊಂದಕ್ಕೆ ದಿನಾ ಹೋಗಿಬರುತ್ತಾರೆ. ಮಡಿಲಲ್ಲಿ ಒಂದು ಕೋಟು, ಬೆರಳಿಗೆ ಲೋಹದ ಟೋಪಿ, ಬಾಯಲ್ಲಿ ದಾರ. ಅವರ ಪಕ್ಕ ನಾನು. ಅಲ್ಲಿಂದ ನಿನ್ನ ಭುಜದ ಪಕ್ಕದಲ್ಲಿ ರಸ್ತೆ ಕಾಣುತ್ತದೆ, ಗೇರಿನ ಮೇಲೆ ನಿನ್ನ ಕೈ ಕಾಣುತ್ತದೆ. ಹೇಳಿ ಮಾಡಿಸಿದ ಜಾಗ.

ಬಸ್ಸು ಬಯಲು ದಾಟಿ ಏರು ಹಿಡಿಯಿತು. ಮೊದಲ ತಿರುವು ನಾನು ಗೆದ್ದೆ. ಎರಡನೆಯದು ನನ್ನನ್ನು ಗೆದ್ದಿತು. ಬೆವರು, ಬಾಯಲ್ಲಿ ನೀರು, ಎಲ್ಲ ಹಾಜರು. ನಿಂಬೆಹಣ್ಣು ತೆಗೆದು ಗೀರಿದೆ. ದರ್ಜಿಯಮ್ಮ ಸೂಜಿ ನಿಲ್ಲಿಸದೆ ಓರೆಗಣ್ಣಿನಲ್ಲಿ ನೋಡಿದರು.

‘ಹೆಂಗಸು ಓಡಿಸ್ತಾಳೆ ಅಂತ ಭಯಾನಾ ಯಜಮಾನ್ರಿಗೆ?’

‘ಭಯ ಅಲ್ಲಮ್ಮ, ಹೊಟ್ಟೆ.’

‘ಎಲ್ಲ ಗಂಡಸರೂ ಹೊಟ್ಟೆ ಅಂತಾನೇ ಹೇಳೋದು’ ಅಂದರು. ‘ನೋಡಿ, ಈ ಹುಡುಗಿ ಬೆಟ್ಟಕ್ಕೆ ಬಂದು ಒಂದು ತಿಂಗಳಾಯ್ತೇನೋ. ಮುಂಚೆ ನಾನು ಬಸ್ಸಲ್ಲಿ ಕೈಕಟ್ಟಿ ಕೂರ್ತಿದ್ದೆ. ಸೂಜಿ ಹಿಡಿದ್ರೆ ಬೆರಳೇ ಹೊಲ್ಕೋತಿದ್ದೆ. ಈಗ ಹೋಗ್ತಾ ಕೋಟಿನ ಗುಂಡಿ ಮನೆ ಹೊಲೀತೀನಿ, ಬರ್ತಾ ಅಂಚು. ಇವಳಿಗೆ ರಜಾ ಇದ್ದ ದಿನ ನನಗೂ ನಷ್ಟ. ನಮ್ಮ ಅಂಗಡಿಯೋರು ಕೇಳ್ತಾರೆ, ಇವತ್ತು ಹುಡುಗಿ ಬಸ್ಸಾ, ಬೇರೆ ಬಸ್ಸಾ ಅಂತ. ಕೋಟು ಎಷ್ಟೊತ್ತಿಗೆ ಆಗುತ್ತೆ ಅಂತ ಅದರ ಮೇಲೆ ಗಿರಾಕಿಗೆ ಹೇಳ್ತಾರೆ.’

ನಾನು ನಿಂಬೆಹಣ್ಣಿನ ಹಿಂದಿನಿಂದ, ‘ಅವಳು ನನ್ನ ಮಗಳು’ ಅಂದೆ.

ಆಗ ಮೊದಲ ಸಲ ಅವರ ಸೂಜಿ ನಿಂತಿತು. ನಿನ್ನ ಬೆನ್ನು ನೋಡಿದರು, ನನ್ನ ಮುಖ ನೋಡಿದರು. ‘ಹಾಗಿದ್ರೆ ಈ ಮುಖ ಹಾಕ್ಕೊಂಡು ಕೂತಿದೀರಲ್ಲ, ಕನ್ನಡೀಲಿ ನೋಡಿದ್ರೆ ಅವಳು ಏನಂದ್ಕೋಬೇಕು? ಕೊಡಿ ಕೈ ಇಲ್ಲಿ’ ಎಂದು ಗದರಿ, ನನ್ನ ಮಣಿಕಟ್ಟಿನ ಒಳಭಾಗದಲ್ಲಿ, ಅಂಗೈಗಿಂತ ಸ್ವಲ್ಪ ಕೆಳಗೆ, ಎರಡು ನರಗಳ ಮಧ್ಯೆ ಹೆಬ್ಬೆರಳಿಟ್ಟು ಒತ್ತಿದರು. ಅವರ ತಾಯಿ ಬಸುರಿಯಾಗಿದ್ದಾಗ ಹಾಗೆ ಒತ್ತಿಸಿಕೊಳ್ಳುತ್ತಿದ್ದರಂತೆ. ನೀನು ನೋಡಿದ ‘ಸಮಾಧಾನ’ ಇದೇ. ನನ್ನನ್ನು ಯಾರೂ ಸಮಾಧಾನ ಮಾಡುತ್ತಿರಲಿಲ್ಲ ಮಗಳೇ, ಬೈಯುತ್ತಿದ್ದರು.

‘ನೆಲ ನೋಡ್ಬೇಡಿ, ನನ್ನ ಸೂಜಿ ನೋಡ್ಬೇಡಿ. ರಸ್ತೆ ನೋಡಿ, ಎಷ್ಟು ದೂರ ಕಾಣುತ್ತೋ ಅಷ್ಟು ದೂರ’ ಅಂದರು. ನೋಡಿದೆ.

ಇಲ್ಲಿಂದ ಮುಂದೆ ನಿಧಾನವಾಗಿ ಓದು. ರಸ್ತೆ ನೋಡಿದ್ದೇ ತಡ, ನನ್ನ ಬಲಗಾಲು ತಾನಾಗಿಯೇ ಕೆಲಸಕ್ಕೆ ಹಾಜರಾಯಿತು. ತಿರುವು ಬಂತು, ಕಾಲು ನೆಲ ಒತ್ತಿತು, ಅಲ್ಲಿ ಬ್ರೇಕ್ ಇದೆಯೇನೋ ಅನ್ನುವ ಹಾಗೆ. ಎಡಗಾಲಿಗೆ ಕ್ಲಚ್ಚು. ಬಾಯಿ ಸುಮ್ಮನಿರುತ್ತದೆಯೇ? ‘ಥರ್ಡು... ಬಿಡು ಬಿಡು... ಈಗ ಸೆಕೆಂಡು... ಹಾಂ, ಎಳಿ’ ಎಂದು ಗೊಣಗುತ್ತಾ ಕೂತೆ. ಹಾರನ್, ನಾನು ದೇವರನ್ನು ಕರೆದದ್ದಲ್ಲ, ಗೇರ್ ಹಾಕುತ್ತಿದ್ದದ್ದು. ದೇವರಿಗೆ ಈ ರೂಟ್‌ನಲ್ಲಿ ಏನೂ ಕೆಲಸ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ನನಗೊಂದು ವಿಷಯ ಗೊತ್ತಾಯಿತು. ನಾನು ಸೆಕೆಂಡ್ ಅನ್ನುವಷ್ಟರಲ್ಲಿ ನಿನ್ನ ಕೈ ಸೆಕೆಂಡಿಗೆ ಬಂದಿರುತ್ತಿತ್ತು. ನನ್ನ ಕಾಲು ಒತ್ತುವ ಹೊತ್ತಿಗೆ ನಿನ್ನ ಕಾಲು ಒತ್ತಿ ಬಿಟ್ಟಾಗಿರುತ್ತಿತ್ತು. ಮೊದಮೊದಲು ನಾವಿಬ್ಬರೂ ಜೊತೆಗೆ ಓಡಿಸುತ್ತಿದ್ದೇವೆ ಅನ್ನಿಸಿತು. ಆಮೇಲೆ, ಇಲ್ಲ, ನಾನು ಸ್ವಲ್ಪ ಹಿಂದೆ ಉಳಿಯುತ್ತಿದ್ದೇನೆ ಅನ್ನಿಸಿತು. ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಹೊಟ್ಟೆಗೆ ಕಿಚ್ಚು ಬಿದ್ದ ಮೇಲೆ ತೊಳಸುವುದಕ್ಕೆ ಅಲ್ಲಿ ಜಾಗವೆಲ್ಲಿ.

ಆಮೇಲೆ ಆ ದೊಡ್ಡ ತಿರುವು, ಬಂಡೆ ರಸ್ತೆಯ ಮೇಲೆ ಛತ್ರಿ ಹಿಡಿದ ಹಾಗೆ ಬಾಗಿದೆಯಲ್ಲ, ಅಲ್ಲಿ. ನಾನು ಆ ತಿರುವಿನಲ್ಲಿ ಎಷ್ಟು ವರ್ಷ ಬಸ್ಸು ತಿರುಗಿಸಿದ್ದೇನೆ. ಎದುರಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ನೀನು ಮುಂಚೆಯೇ ವೇಗ ಇಳಿಸಿ ಎಡಕ್ಕೆ ಒತ್ತಿಕೊಂಡೆ. ಯಾಕಪ್ಪಾ ಇವಳು ಸುಮ್ಮಸುಮ್ಮನೆ ಎಂದು ನಾನು ಗೊಣಗುವಷ್ಟರಲ್ಲಿ ಮರಳಿನ ಲಾರಿ, ರಸ್ತೆಯೆಲ್ಲ ತನ್ನಪ್ಪಂದು ಅನ್ನುವ ಹಾಗೆ, ನಮ್ಮ ಪಕ್ಕದಲ್ಲೇ ತಿರುಗಿ ಬಂತು. ನನ್ನ ಕಾಲು ನೆಲವನ್ನು ಜೋರಾಗಿ ಒತ್ತಿತು. ಬಸ್ಸು ಆಗಲೇ ನಿಂತ ಹಾಗಿತ್ತು. ಲಾರಿ ಹೋಯಿತು. ದರ್ಜಿಯಮ್ಮ ಬೆಚ್ಚಲೂ ಇಲ್ಲ, ಅವರ ಗುಂಡಿ ಮನೆಯಲ್ಲಿ ಒಂದು ಹೊಲಿಗೆಯೂ ಸೊಟ್ಟ ಆಗಲಿಲ್ಲ.

‘ಲಾರಿ ಬರೋದು ಇವಳಿಗೆ ಹೇಗೆ ಗೊತ್ತಾಯ್ತು?’ ಎಂದು ನಾನು ಕೇಳಿದೆ.

‘ಬಂಡೆ ಆಚೆ ಧೂಳೆದ್ದಿತ್ತಲ್ಲ’ ಅಂದರು ಅವರು, ದಾರ ಕಚ್ಚುತ್ತಾ. ‘ನೀವು ನೋಡ್ಲಿಲ್ವಾ?’

ನಾನು ನೋಡಿರಲಿಲ್ಲ. ಮಗಳೇ, ನಾನು ನೋಡಿರಲಿಲ್ಲ.

ಅದಾದ ಮೇಲೆ ಮುಂದಿನ ತಿರುವು ಬಂತು, ನನ್ನ ಕಾಲು ಏಳಲಿಲ್ಲ. ಅದರ ಮುಂದಿನದೂ ಬಂತು. ಕಾಲು, ಬೆಳೆದ ಮಗನಿಗೆ ಅಂಗಡಿ ಬಿಟ್ಟುಕೊಟ್ಟ ಯಜಮಾನನ ಹಾಗೆ ಹಾಯಾಗಿ ಚಾಚಿಕೊಂಡಿತ್ತು. ಬಾಯಿ ನಿಂತಿತ್ತು, ಬೆವರು ಆರಿತ್ತು, ನಿಂಬೆಹಣ್ಣು ಮಡಿಲಿಗೆ ಉರುಳಿತ್ತು. ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಮತ್ತೆ ಏನಾಯಿತು ಎಂದು ನನಗೆ ಗೊತ್ತಿಲ್ಲ, ಯಾಕೆಂದರೆ ನಾನು ನಿದ್ದೆ ಮಾಡುತ್ತಿದ್ದೆ.

ಹೌದು. ನಿನ್ನ ಅಪ್ಪ ಕಣ್ಣು ಮುಚ್ಚಿದ್ದು ಭಯಕ್ಕಲ್ಲ, ನಿದ್ದೆಗೆ. ಜೀವಮಾನದಲ್ಲಿ ಓಡುವ ಗಾಡಿಯಲ್ಲಿ ಒಂದು ನಿಮಿಷ ರೆಪ್ಪೆ ಮುಚ್ಚಿದವನಲ್ಲ ನಾನು. ಬೇರೆಯವರು ಓಡಿಸಿದರೆ ಮೈಯೆಲ್ಲ ಕಣ್ಣಾಗಿ ಕೂರುತ್ತಿದ್ದೆ. ನಿಮ್ಮಮ್ಮ ಅದಕ್ಕೇ ‘ನಿಮ್ಮ ಜೊತೆ ಟ್ಯಾಕ್ಸಿ ಹತ್ತಿದರೆ ಇಬ್ಬರು ಡ್ರೈವರ್‌ಗೆ ಬಾಡಿಗೆ ಕೊಟ್ಟ ಹಾಗೆ’ ಅನ್ನುತ್ತಿದ್ದಳು. ಅಂಥವನು ಬೆಟ್ಟದ ಅರ್ಧ ದಾರಿ ನಿದ್ದೆ ಮಾಡಿದೆ. ಗೊರಕೆಯೂ ಹೊಡೆದೆನಂತೆ. ದರ್ಜಿಯಮ್ಮ ಕೊನೆಯ ಸ್ಟಾಪಿನಲ್ಲಿ ಬೆರಳಿನ ಟೋಪಿಯಿಂದ ನನ್ನ ಮೊಣಕೈ ತಟ್ಟಿ, ‘ಏಳಿ, ಮಗಳು ಊರು ಮುಟ್ಟಿಸಿದ್ದಾಳೆ’ ಅಂದರು.

ಮಾತ್ರೆಯ ಪ್ರಭಾವ ಇರಬೇಕು ಅನ್ನುತ್ತೀಯಾ? ಅದಕ್ಕೇ ನೆನಪಿಟ್ಟುಕೋ ಅಂದದ್ದು. ಆ ಪಟ್ಟಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಒಂದು ಗುಳಿಗೆಯೂ ಒಡೆದಿಲ್ಲ, ಬೇಕಾದರೆ ಬೆಳಕಿಗೆ ಹಿಡಿದು ನೋಡು.

ಇನ್ನೂ ಅನುಮಾನವಿದ್ದರೆ ವಾಪಸು ಬಂದ ಕಥೆ ಕೇಳು. ಇದನ್ನು ನಮ್ಮ ಪ್ರಾಕ್ಟಿಕಲ್ ತರಗತಿಯಲ್ಲಿ ಏನೋ ಅನ್ನುತ್ತಿದ್ದರು, ‘ಅದರ್ ಥಿಂಗ್ಸ್ ರಿಮೇನಿಂಗ್ ಸೇಮ್’ ಅಂತ ಇರಬೇಕು. ಅದೇ ರಸ್ತೆ, ಅದೇ ದಿನ, ಡ್ರೈವರ್ ಹಿಂದಿನ ಅದೇ ಸೀಟು, ಅದೇ ಶುಂಠಿ, ಅದೇ ನಿಂಬೆಹಣ್ಣು. ಡ್ರೈವರ್ ಮಾತ್ರ ಬೇರೆ. ನಮ್ಮ ಕಾಲದ ಹುಡುಗ, ನಾವು ‘ಜಟಕಾ’ ಅಂತ ಕರೆಯುತ್ತಿದ್ದೆವಲ್ಲ, ಅವನು. ಈಗ ತಲೆ ಬೆಳ್ಳಗಾಗಿದೆ, ಬ್ರೇಕ್ ಹಾಕುವುದು ಹಾಗೇ ಇದೆ. ‘ಗುರುಗಳೇ, ನಿಮ್ಮನ್ನ ಕೂರಿಸ್ಕೊಂಡು ಓಡಿಸೋದು ನನ್ನ ಭಾಗ್ಯ’ ಅಂದ. ಆ ಭಾಗ್ಯವನ್ನು ಬಂಡೆಯ ಹತ್ತಿರ ಒಂದು ಸಲ ನಿಲ್ಲಿಸಿದೆ, ಬಯಲಿಗೆ ಇಳಿಯುವ ಮುಂಚೆ ಇನ್ನೊಂದು ಸಲ ನಿಲ್ಲಿಸಿದೆ. ಎರಡನೇ ಸಲ ಅವನೇ ಇಳಿದು ನನ್ನ ಬೆನ್ನು ಸವರಿ, ‘ವಯಸ್ಸಾಯ್ತು ಗುರುಗಳೇ’ ಅಂದ. ನಾನು ಚರಂಡಿಯ ಕಡೆಗೇ ತಲೆಯಾಡಿಸಿದೆ. ಬುಧವಾರ ಮಲಗಿದ್ದು ಅದಕ್ಕೇ. ಹೆನ್ಸ್ ಪ್ರೂವ್ಡ್.

ಇಸ್ತ್ರಿಯವನಿಗೆ ಎಲ್ಲ ಹೇಳಿದೆ. ಅವನು ಇಸ್ತ್ರಿ ಪೆಟ್ಟಿಗೆ ಎತ್ತುವುದನ್ನೇ ಮರೆತು, ‘ಹಂಗಾದ್ರೆ ಯಜಮಾನ್ರೇ, ನಿಮ್ಮ ವಾಕರಿಕೆಗೆ ಮನೆಮದ್ದು ಅಂದ್ರೆ ಮನೆಮಗಳೇ’ ಅಂದ. ಅಷ್ಟು ಹೊತ್ತಿಗೆ ಯಾರದೋ ಕಾಲರು ಸ್ವಲ್ಪ ಕಂದಿತು.

ಅದಕ್ಕೇ ಹೇಳುತ್ತೇನೆ. ಸೋಮವಾರ ಮ್ಯಾನೇಜರ್ ಕೇಳಿದಾಗ ನೀನು ಏನು ಹೇಳಬೇಕು ಎಂದು ನಾನು ಹೇಳುವುದಿಲ್ಲ. ರೂಟ್ ನಿನ್ನದು, ಬೆನ್ನು ನಿನ್ನದು, ಬೆಳಗಿನ ಚಳಿ ನಿನ್ನದು. ಊರೊಳಗಿನ ರೂಟೇ ಇಷ್ಟವಾದರೆ ಸಂತೋಷವಾಗಿ ತಗೋ. ಆದರೆ ‘ನಮ್ಮಪ್ಪ ಕಣ್ಣು ಮುಚ್ಚಿದ’ ಅನ್ನುವ ಕಾರಣಕ್ಕೆ ಮಾತ್ರ ಬೇಡ. ಆ ಕಾರಣ ಇನ್ನು ಮುಂದೆ ನಿನ್ನದಲ್ಲ, ನಾನು ವಾಪಸು ತೆಗೆದುಕೊಂಡಿದ್ದೇನೆ. ಬೆಟ್ಟವನ್ನೇ ಆರಿಸಿಕೊಂಡರೆ ದರ್ಜಿಯಮ್ಮನಿಗೆ ಒಂದು ಮಾತು ತಿಳಿಸು, ಅವರ ಹತ್ತಿರ ಎಷ್ಟೋ ಕೋಟುಗಳು ಕಾಯುತ್ತಿವೆ. ನನಗೂ ತಿಳಿಸು. ಪ್ರತಿ ಮಂಗಳವಾರ ಬಂದು ಒಂದು ನಿದ್ದೆ ಮಾಡಿ ಹೋಗುತ್ತೇನೆ. ವಾಪಸು ಬರುವುದಕ್ಕೂ ನಿನ್ನ ಬಸ್ಸಿಗೇ ಕಾಯುತ್ತೇನೆ, ಸಂಜೆಯಾದರೂ ಸರಿ. ಜಟಕಾನ ಭಾಗ್ಯ ಸಾಕು.

ಬೆಳಗಿನ ಟ್ರಿಪ್‌ಗೆ ಸ್ವೆಟರ್ ಹಾಕಿಕೋ. ಟೀ ಅರ್ಧಕ್ಕೆ ಬಿಟ್ಟು ಏಳಬೇಡ. ನಿನ್ನ ಕೈ, ಕಾಲು, ಕಣ್ಣು ಸದಾ ಹೀಗೇ ನಿನ್ನ ಮಾತು ಕೇಳಲಿ, ನಿನ್ನ ರಸ್ತೆ ನಿನಗಿಂತ ಮುಂಚೆ ಎದ್ದು ಕಸ ಗುಡಿಸಿಕೊಂಡು ಕಾಯಲಿ.

ಇತಿ ನಿನ್ನ,
ಅಪ್ಪ
(ಹಿಂದೆ ಡ್ರೈವರ್, ಈಗ ಡ್ರೈವರ್ ಹಿಂದೆ)

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಯಾವಾಗಿನಿಂದ ಎಂದು ಕೇಳಬೇಡ ಅಂದೆನಲ್ಲ, ಹೇಳಿಬಿಡುತ್ತೇನೆ. ನಿಮ್ಮಮ್ಮನನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದ ದಿನದಿಂದ. ನೀನು ಆಗ ಟ್ರೇನಿಂಗಿನಲ್ಲಿದ್ದೆ. ಓಡಿಸಿದವನು ಒಳ್ಳೆಯ ಹುಡುಗನೇ, ಅವನದೇನೂ ತಪ್ಪಿಲ್ಲ. ನಾನು ಹಿಂದೆ ಅವಳ ಕೈ ಹಿಡಿದು ಕೂತಿದ್ದೆ. ಗಾಜೆಲ್ಲ ಮಬ್ಬು, ರಸ್ತೆ ಕಾಣುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ, ‘ರೀ, ಗಾಡಿ ನೀವೇ ಓಡಿಸ್ತಿದೀರಲ್ವಾ?’ ಎಂದು ಕೇಳಿದಳು. ಹೂಂ ಕಣೇ, ನಾನೇ ಅಂದೆ. ‘ಅದಕ್ಕೇ ಹೊಟ್ಟೆ ತೊಳಸ್ತಿಲ್ಲ’ ಎಂದು ಹೇಳಿ ನಿದ್ದೆ ಹೋದಳು, ಮತ್ತೆ ಏಳಲಿಲ್ಲ. ಅಮ್ಮ ಕೊನೆಗೆ ಏನಂದ್ರು ಎಂದು ನೀನು ಎಷ್ಟು ಸಲ ಕೇಳಿದ್ದೀ. ಏನೂ ಇಲ್ಲ ಎಂದು ಜಾರಿಕೊಂಡಿದ್ದೇನೆ. ಆವತ್ತಿನಿಂದ ಯಾರ ಹಿಂದೆ ಕೂತರೂ ನನ್ನ ಹೊಟ್ಟೆ ನನ್ನನ್ನು ಸುಳ್ಳುಗಾರ ಅನ್ನುತ್ತಿತ್ತು. ಮೊನ್ನೆ ಬಂಡೆಯ ತಿರುವು ದಾಟಿದ ಮೇಲೆ, ನಿದ್ದೆ ಹತ್ತುವ ಮುಂಚೆ, ಅವಳು ಪಕ್ಕದಲ್ಲಿ ಕೂತು ಅದನ್ನೇ ಮತ್ತೆ ಕೇಳಿದ ಹಾಗಾಯಿತು. ಕನ್ನಡಿಯಲ್ಲಿ ನನ್ನ ತುಟಿ ಕೊನೆಯ ಸಲ ಅಲ್ಲಾಡಿದ್ದನ್ನು ನೀನು ನೋಡಿದ್ದರೆ, ಅದು ಗೇರಲ್ಲ. ಅಲ್ಲ ಕಣೇ, ಮಗಳು ಓಡಿಸ್ತಿದಾಳೆ, ಮಲಕ್ಕೋ ಅಂದೆ.